ಭುವನಗಿರಿ: ನಮ್ಮದೆಂದುಕೊಂಡ ಒಂದು ಕೋಟೆ

ಮಗಳ ಶಾಲೆಯಿಂದ ಬಂದ ಫಾರ್ಮಿನಲ್ಲಿ ಒಂದು ಕಾಲಂ ಇತ್ತು: ಮಾತೃಭಾಷೆ. ಎಂಟನೇ ತರಗತಿಯ ಹುಡುಗಿ. ತಾನೇ ಎಲ್ಲವನ್ನೂ ತುಂಬಿ, ಸಹಿಗೆಂದು ನನ್ನ ಲ್ಯಾಪ್‌ಟಾಪಿನ ಪಕ್ಕ ಇಟ್ಟು ಮಲಗಿದ್ದಳು. ಆ ಕಾಲಂನಲ್ಲಿ ‘ತೆಲುಗು’ ಎಂದು ಬರೆದಿತ್ತು.

ಬೆಳಿಗ್ಗೆ ಕೇಳಿದರೆ ಅವಳಿಗೆ ಆಶ್ಚರ್ಯ. “ನಂಗ ಓದ್ಲಾಕ ಬರಿಲಾಕ ಬರೋದು ತೆಲುಗಲ್ಲಾ ಪಪ್ಪಾ? ಕನ್ನಡ ಬರೀ ಮಾತಾಡ್ತೀನಿ” ಎಂದಳು. ಅವಳ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಹುಟ್ಟಿದ್ದು ಹೈದರಾಬಾದಿನಲ್ಲಿ. ಶಾಲೆಯಲ್ಲಿ ತೆಲುಗು ಕಡ್ಡಾಯ. ಲಿಫ್ಟಿನಲ್ಲಿ, ಆಟದ ಬಯಲಿನಲ್ಲಿ, ಸ್ಕೂಲ್ ವ್ಯಾನಿನಲ್ಲಿ ತೆಲುಗೇ. ಕನ್ನಡ ಅಂದರೆ ನಮ್ಮ ಅವ್ವನ ಜೊತೆ ಅಡುಗೆಮನೆಯಲ್ಲಿ ಆಡುವ ಮಾತು, ಮತ್ತು ಭಾನುವಾರ ನಾನು ಬಲವಂತದಿಂದ ಬರೆಸುವ ಎರಡು ಪುಟ ಕಾಪಿ. ಆದರೂ ನಾನು ಅಗತ್ಯಕ್ಕಿಂತ ಹೆಚ್ಚು ಸಿಟ್ಟಾದೆ. ಪ್ರಾಜೆಕ್ಟ್ ಮೀಟಿಂಗಿನಲ್ಲಿ ಯಾರ ಮೇಲೂ ಏರಿಸದ ದನಿಯನ್ನು ಹದಿಮೂರರ ಹುಡುಗಿಯ ಮೇಲೆ ಏರಿಸಿದೆ. ಫಾರ್ಮಿಗೆ ಸಹಿ ಹಾಕಲಿಲ್ಲ. ಅವಳು ಊಟಕ್ಕೆ ಬರಲಿಲ್ಲ.

ಆ ವಾರವೆಲ್ಲ ನನ್ನ ತಲೆಯಲ್ಲಿ ಒಂದೇ ಯೋಚನೆ. ಈ ಊರಿನಲ್ಲಿ ಕನ್ನಡಕ್ಕೂ ಒಂದು ವಿಳಾಸ ಇದೆ, ನಾವಿಲ್ಲಿ ಬಾಡಿಗೆಗೆ ಬಂದವರಷ್ಟೇ ಅಲ್ಲ ಎಂದು ಇವಳಿಗೆ ತೋರಿಸಬೇಕು. ಆಗ ನೆನಪಾದದ್ದು ಭುವನಗಿರಿಯ ಕೋಟೆ. ಹೈದರಾಬಾದಿನಿಂದ ಸುಮಾರು 50 ಕಿಲೋಮೀಟರ್. ಕಟ್ಟಿಸಿದವನು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ ಎನ್ನುತ್ತಾರೆ. ನಮ್ಮ ಊರು ಬಸವಕಲ್ಯಾಣ ತಾಲ್ಲೂಕಿನದು. ಅಂದರೆ ನಮ್ಮ ತಾಲ್ಲೂಕು ಕೇಂದ್ರದಿಂದ ಆಳಿದವನು ಇಲ್ಲಿ ಬಂದು ಕೋಟೆ ಕಟ್ಟಿದ. ಇದಕ್ಕಿಂತ ಒಳ್ಳೆಯ ವಾದ ನನಗೆ ಬೇಕಿರಲಿಲ್ಲ.

ಭಾನುವಾರ ನಸುಕಿನಲ್ಲೇ ಎದ್ದು, ಅವ್ವ ಕಟ್ಟಿದ ಬುತ್ತಿ ಹಿಡಿದು, ಐದು ಜನ ಸಿಕಂದರಾಬಾದ್ ನಿಲ್ದಾಣಕ್ಕೆ ಬಂದೆವು. ನಾನು, ಹೆಂಡತಿ, ಅವ್ವ, ಮಗಳು, ಮೂರನೇ ತರಗತಿಯ ಮಗ. ಕಾರಿನಲ್ಲಿ ಹೋಗಬಹುದಿತ್ತು. ಆದರೆ ಮಗನಿಗೆ ರೈಲೇ ಬೇಕು. ಅವ್ವನಿಗೆ ಕಾರಿನಲ್ಲಿ ಹೊಟ್ಟೆ ತೊಳಸುತ್ತದೆ. ಮಗಳು ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲವಾದ್ದರಿಂದ ಅವಳಿಗೆ ಎಲ್ಲವೂ ಒಂದೇ.

ಈ ರೈಲು ಹಳಿಗೂ ನಮ್ಮ ಕಡೆಗೂ ಹಳೆಯ ನಂಟಿದೆ. ನಿಜಾಮರ ರಾಜ್ಯಕ್ಕೆ ಮೊದಲು ರೈಲು ಬಂದದ್ದು 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ. ವಾಡಿ ಇವತ್ತು ಕಲಬುರಗಿ ಜಿಲ್ಲೆಯಲ್ಲಿದೆ. ಮುಂಬಯಿ–ಮದರಾಸು ಮಾರ್ಗದಿಂದ ಹೈದರಾಬಾದಿಗೆ ಕವಲು ಒಡೆದದ್ದು ಅಲ್ಲಿಂದಲೇ. ಆಮೇಲೆ ಅದೇ ಹಳಿ ಪೂರ್ವಕ್ಕೆ ಬೆಳೆದು 1886ರ ಹೊತ್ತಿಗೆ ವರಂಗಲ್ ಕಡೆ ಹೋಯಿತು, 1889ರಲ್ಲಿ ವಿಜಯವಾಡ ಮುಟ್ಟಿತು. ಭುವನಗಿರಿ ಈ ಪೂರ್ವದ ಹಳಿಯ ಮೇಲಿನ ನಿಲ್ದಾಣ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳೂ ಈ ಭುವನಗಿರಿಯೂ ಒಂದೇ ರಾಜ್ಯದೊಳಗೆ ಇದ್ದವು, 1956ರ ನವೆಂಬರ್ 1ರ ತನಕ. ನಮ್ಮ ಮುತ್ಯಾ ಉರ್ದು ಮಾಧ್ಯಮದಲ್ಲಿ ನಾಲ್ಕು ಕ್ಲಾಸು ಓದಿದವರು. ಅವರಿಗೆ ಹೈದರಾಬಾದ್ ಪರಊರಾಗಿರಲಿಲ್ಲ, ರಾಜಧಾನಿಯಾಗಿತ್ತು. ಕೋರ್ಟಿನ ಕೆಲಸಕ್ಕೆ ಅಲ್ಲಿಗೇ ಬರುತ್ತಿದ್ದರು. ನಾನು ಎಂಟೆಕ್ ಮುಗಿಸಿ ಇಲ್ಲಿಗೆ ಕೆಲಸಕ್ಕೆ ಬಂದಾಗ ಊರವರು ‘ಆಂಧ್ರಕ್ಕೆ ಹೋದ’ ಎಂದರು. ಮುತ್ಯಾ ಇದ್ದಿದ್ದರೆ ‘ಪಟ್ಟಣಕ್ಕೆ ಹೋದ’ ಎನ್ನುತ್ತಿದ್ದರೇನೋ.

ಮೌಲಾಲಿ, ಚರ್ಲಪಲ್ಲಿ, ಘಟ್‌ಕೇಸರ್, ಬೀಬಿನಗರ. ಪ್ಯಾಸೆಂಜರ್ ರೈಲು ಎಲ್ಲ ಕಡೆ ನಿಂತು, ಯಾರಿಗೂ ಅವಸರ ಮಾಡದೆ ಹೊರಟಿತು. ಪಗಿಡಿಪಲ್ಲಿ ದಾಟುತ್ತಿದ್ದಂತೆ ಮಗ ಕೂಗಿದ: “ಪಪ್ಪಾ, ಕಲ್ಲು!” ಬಯಲಿನ ನಡುವೆ ಒಂದೇ ಒಂದು ಬೋಳು ಬಂಡೆ, ಬೆಟ್ಟದಷ್ಟು ದೊಡ್ಡದು, ಮೊಟ್ಟೆಯನ್ನು ಅಡ್ಡ ಮಲಗಿಸಿದಂತೆ. ಅದರ ಬೆನ್ನ ಮೇಲೆ ಗೋಡೆಯ ಗೆರೆ. ಸುತ್ತ ಬೇರೆ ಬೆಟ್ಟಸಾಲು ಇಲ್ಲದ್ದರಿಂದ ರೈಲಿನ ಕಿಟಕಿಯಲ್ಲಿ ಅದು ಬಹಳ ಹೊತ್ತು ನಮ್ಮ ಜೊತೆಗೇ ಬರುತ್ತದೆ. ಮಗಳೂ ಫೋನ್ ಬದಿಗಿಟ್ಟು ನೋಡಿದಳು.

ಟಿಕೆಟಿನ ಮೇಲೆ ಊರಿನ ಹೆಸರು ‘ಭೋಂಗೀರ್’. ನಿಲ್ದಾಣದ ಹೊರಗೆ ಬಂದರೆ ಅಂಗಡಿ ಬೋರ್ಡುಗಳಲ್ಲಿ ‘ಭುವನಗಿರಿ’. ಎರಡೂ ಒಂದೇ ಹೆಸರು. ವಿಕ್ರಮಾದಿತ್ಯನ ಬಿರುದು ತ್ರಿಭುವನಮಲ್ಲ. ಅದರಿಂದ ಬೆಟ್ಟ ತ್ರಿಭುವನಗಿರಿ ಆಯಿತು. ಜನರ ಬಾಯಲ್ಲಿ ‘ತ್ರಿ’ ಉದುರಿ ಭುವನಗಿರಿಯಾಯಿತು. ಇನ್ನೂ ಸವೆದು ಭೋಂಗೀರ್ ಆಯಿತು. ದೊರೆ ಇಟ್ಟ ಹೆಸರನ್ನು ಒಂಬೈನೂರು ವರ್ಷ ಬಳಸಿದ ಜನ ತಮಗೆ ಬೇಕಾದಷ್ಟನ್ನು ಉಳಿಸಿಕೊಂಡಿದ್ದಾರೆ.

ಅಂಗಡಿ ಬೀದಿಯಲ್ಲಿ ಒಂದು ತಮಾಷೆ ನಡೆಯಿತು. ಅವ್ವ ಏಳನೇ ಕ್ಲಾಸಿನ ತನಕ ಕನ್ನಡ ಓದಿದವಳು. ತೆಲುಗು ಅಕ್ಷರ ಕಲಿತವಳಲ್ಲ. ಆದರೆ ನಡೆಯುತ್ತಾ ನಡೆಯುತ್ತಾ ಬೋರ್ಡು ಓದತೊಡಗಿದಳು. “ಭು... ವ... ನ... ಗಿರಿ. ಇದು ಕನ್ನಡಾನೇ ಅದಲ್ಲೋ, ಜರಾ ಸೊಟ್ಟ ಬರ್ದಾರ” ಎಂದಳು. ಮಗಳು ಬಿದ್ದು ಬಿದ್ದು ನಕ್ಕಳು. ವಾರದಲ್ಲಿ ಮೊದಲ ಸಲ. “ಸೊಟ್ಟ ಅಲ್ಲ ಆಯಿ, ಇದು ತಲಕಟ್ಟು” ಎಂದು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದಳು. ಕನ್ನಡದಲ್ಲಿ ಅದೇ ಗೆರೆ ಬಲಕ್ಕೆ ಚಾಚಿಕೊಂಡಿರುತ್ತದೆ, ತೆಲುಗಿನಲ್ಲಿ ಸರಿ ಗುರುತಿನ ಹಾಗೆ ಮೇಲಕ್ಕೆ ಏರುತ್ತದೆ. ನಾವು ಅದನ್ನು ತಲೆಕಟ್ಟು ಅನ್ನುತ್ತೇವೆ, ಅವರು ತಲಕಟ್ಟು.

ಅವ್ವ ಹೇಳಿದ್ದರಲ್ಲಿ ತಮಾಷೆಗಿಂತ ಹೆಚ್ಚು ಇತಿಹಾಸವಿತ್ತು. ಚಾಲುಕ್ಯರ ಕಾಲದಲ್ಲಿ ಎರಡು ಲಿಪಿ ಇರಲಿಲ್ಲ. ಎರಡೂ ಭಾಷೆಗಳನ್ನು ಬರೆಯುತ್ತಿದ್ದದ್ದು ಒಂದೇ ಲಿಪಿಯಲ್ಲಿ. ವಿದ್ವಾಂಸರು ಅದನ್ನು ಕನ್ನಡ–ತೆಲುಗು ಲಿಪಿ ಎಂದೇ ಕರೆಯುತ್ತಾರೆ. ಅವು ಬೇರೆ ಬೇರೆಯಾಗಿ ಕಾಣತೊಡಗಿದ್ದು ಆಮೇಲೆ. ವಿಕ್ರಮಾದಿತ್ಯನ ಕಾಲದ ಕರಣಿಕನೊಬ್ಬ ಬದುಕಿ ಬಂದರೆ ಅವನಿಗೆ ನಮ್ಮ ಮನೆಯ ಎರಡೂ ಪಠ್ಯಪುಸ್ತಕಗಳು ‘ಜರಾ ಸೊಟ್ಟ’ವಾಗಿಯೇ ಕಾಣುತ್ತಿದ್ದವು.

ಬೆಟ್ಟದ ಬುಡದಲ್ಲಿ ಟಿಕೆಟ್ ತೆಗೆದುಕೊಂಡು ಹತ್ತತೊಡಗಿದೆವು. ಮೊದಲ ದೊಡ್ಡ ಬಾಗಿಲಿನ ತನಕ ಅವ್ವ ಬಂದಳು. “ಇನ್ನ ಮ್ಯಾಲ ನನ್ನ ಕೈಲಿ ಆಗಲ್ಲಪ್ಪ. ನೀವ್ ಹೋಗಿ ಬರ್ರಿ” ಎಂದು ನೆರಳಿನಲ್ಲಿ ಕೂತಳು. ಹೆಂಡತಿಯೂ ಅವಳ ಜೊತೆ ನಿಂತಳು. ಪಕ್ಕದಲ್ಲಿ ಒಬ್ಬ ಹೆಂಗಸು ಬುಟ್ಟಿಯಲ್ಲಿ ಸೌತೆಕಾಯಿ ಇಟ್ಟುಕೊಂಡು, ಸೀಳಿ ಉಪ್ಪು ಖಾರ ಹಚ್ಚಿ ಮಾರುತ್ತಿದ್ದಳು. ಮಕ್ಕಳಿಬ್ಬರನ್ನು ಕರೆದುಕೊಂಡು ನಾನು ಮೇಲೆ ಹೊರಟೆ.

ಈ ಕೋಟೆಗೆ ಗೋಡೆಗಿಂತ ದೊಡ್ಡ ಬಲ ಬಂಡೆಯದ್ದೇ. ಕೆಳಗಿನ ದಾರಿಯನ್ನು ದೊಡ್ಡ ಗುಂಡುಗಳು ತಾವೇ ಕಾಯುತ್ತವೆ. ಕಟ್ಟಿದವರು ಆ ಗುಂಡುಗಳ ನಡುವಿನ ಸಂದುಗಳನ್ನು ಗೋಡೆ, ಬಾಗಿಲುಗಳಿಂದ ಮುಚ್ಚಿದ್ದಾರೆ. ಆಮೇಲೆ ಬರುವುದು ಬೋಳು ಬಂಡೆಯ ಮೈ. ಅದರಲ್ಲೇ ಕಡಿದ ಮೆಟ್ಟಿಲು. ಶತ್ರು ಅಡಗಲು ಒಂದು ಗಿಡವೂ ಇಲ್ಲ. ಮಳೆ ನೀರು ಬಂಡೆಯ ತಗ್ಗುಗಳಲ್ಲಿ ನಿಲ್ಲುತ್ತದೆ, ಆ ತಗ್ಗುಗಳನ್ನೇ ಕೊಳ ಮಾಡಿಕೊಂಡಿದ್ದಾರೆ. ನೀರು, ಎತ್ತರ, ಸುತ್ತಲ ಬಯಲಿನ ನೋಟ ಮೂರೂ ಇದ್ದ ಮೇಲೆ ಕೋಟೆಗೆ ಬೇರೇನು ಬೇಕು. ಇದೇ ಊರಿನ ಬಂಡೆಗಳ ಮೇಲೆ ತರಬೇತಿ ಪಡೆದ ಮಾಲಾವತ್ ಪೂರ್ಣ 2014ರಲ್ಲಿ, ಹದಿಮೂರನೇ ವಯಸ್ಸಿನಲ್ಲಿ ಎವರೆಸ್ಟ್ ಹತ್ತಿದಳು ಎಂದು ಹೇಳಿದೆ. ಮಗಳು ತನ್ನ ವಯಸ್ಸಿನ ಲೆಕ್ಕ ಹಾಕಿ, ನನಗಿಂತ ಮುಂದೆ ಹತ್ತಿದಳು.

ಹತ್ತುತ್ತಾ ನಾನು ನನ್ನ ಪ್ರೆಸೆಂಟೇಶನ್ ಶುರು ಮಾಡಿದೆ. ಆರನೆಯ ವಿಕ್ರಮಾದಿತ್ಯ 1076ರಿಂದ 1126ರ ತನಕ, ಐವತ್ತು ವರ್ಷ ಆಳಿದ. ಅಣ್ಣ ಎರಡನೆಯ ಸೋಮೇಶ್ವರನನ್ನು ಇಳಿಸಿ ಪಟ್ಟ ಹಿಡಿದ. ಶಕ ವರ್ಷ ಬಿಟ್ಟು ತನ್ನ ಹೆಸರಿನಲ್ಲೇ ಚಾಲುಕ್ಯ ವಿಕ್ರಮ ಶಕೆ ಆರಂಭಿಸಿದ. ಅವನ ಕಲ್ಯಾಣದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಅದು ಹಿಂದೂ ಉತ್ತರಾಧಿಕಾರದ ಕಾನೂನಿಗೆ ಇಪ್ಪತ್ತನೇ ಶತಮಾನದ ತನಕ ಆಧಾರವಾಗಿತ್ತು. ಕಾಶ್ಮೀರದಿಂದ ಆಸ್ಥಾನ ಹುಡುಕಿಕೊಂಡು ಹೊರಟ ಬಿಲ್ಹಣ ಊರೂರು ಅಲೆದು ಕೊನೆಗೆ ಕಲ್ಯಾಣದಲ್ಲಿ ನೆಲೆ ಕಂಡು, ದೊರೆಯ ಮೇಲೆ ‘ವಿಕ್ರಮಾಂಕದೇವಚರಿತ’ ಬರೆದ. ಕೆಲಸಕ್ಕಾಗಿ ಊರು ಬಿಟ್ಟ ನಮ್ಮಂಥವರ ಹಿರಿಯ ಎಂದು ಅವನನ್ನು ಕರೆಯಬಹುದು.

ಇಂಥ ದೊರೆಗೆ ಕಲ್ಯಾಣದಿಂದ ಇನ್ನೂರು ಕಿಲೋಮೀಟರಿಗೂ ದೂರದ ಈ ಬಂಡೆ ಯಾಕೆ ಬೇಕಿತ್ತು? ಕಾರಣ ಪೂರ್ವದಲ್ಲಿತ್ತು. ಕೃಷ್ಣಾ ಗೋದಾವರಿ ನದಿಗಳ ನಡುವಿನ ವೇಂಗಿ ನಾಡಿಗಾಗಿ ಕಲ್ಯಾಣದ ಚಾಲುಕ್ಯರಿಗೂ ಚೋಳರಿಗೂ ತಲೆಮಾರುಗಳ ಜಗಳ. ವಿಕ್ರಮಾದಿತ್ಯನ ಎದುರಾಳಿ ಕುಲೋತ್ತುಂಗ ಚೋಳ. ವೇಂಗಿ ವಿಕ್ರಮಾದಿತ್ಯನ ಕೈಗೆ ಬಂದದ್ದು 1118ರಲ್ಲಿ, ಅವನ ಮುಪ್ಪಿನಲ್ಲಿ. ಅತ್ತ ಹೋಗುವ ದಾರಿಯನ್ನು ಹಿಡಿದಿಟ್ಟುಕೊಳ್ಳಲು ತೆಲಂಗಾಣದ ನಡುವೆ ಗಟ್ಟಿ ನೆಲೆಗಳು ಬೇಕಿದ್ದವು. ಭುವನಗಿರಿಯಿಂದ ಇನ್ನೂ ಮುಂದೆ, ಆಲೇರು ನಿಲ್ದಾಣದ ಹತ್ತಿರ ಕೊಲನುಪಾಕ ಇದೆ. ಅದು ಶಾಸನಗಳ ಕೊಳ್ಳಿಪಾಕೆ, ಚಾಲುಕ್ಯರ ದೊಡ್ಡ ಪ್ರಾಂತ್ಯದ ಕೇಂದ್ರ. ರಾಜೇಂದ್ರ ಚೋಳ ತನ್ನ ಪ್ರಶಸ್ತಿಯಲ್ಲಿ ತಾನು ಗೆದ್ದ ಊರುಗಳ ಪಟ್ಟಿಗೆ ಇದನ್ನೂ ಸೇರಿಸಿದ್ದಾನೆ ಎಂದರೆ ಅದರ ಬೆಲೆ ತಿಳಿಯುತ್ತದೆ. ಅಲ್ಲಿ ಕನ್ನಡ ಶಾಸನಗಳು ಸಿಕ್ಕಿವೆ. ಅವ್ವನಿಗೆ ಈ ಊರಿನ ಹೆಸರು ಬೇರೆ ದಾರಿಯಿಂದ ಗೊತ್ತು. ರೇಣುಕಾಚಾರ್ಯರು ಕೊಲ್ಲಿಪಾಕಿಯ ಸೋಮೇಶ್ವರ ಲಿಂಗದಿಂದ ಉದಿಸಿದರು ಎಂಬುದು ವೀರಶೈವ ಪರಂಪರೆಯ ನಂಬಿಕೆ. ಊರ ಪುರಾಣದಲ್ಲಿ ಕೇಳಿದ ಕೊಲ್ಲಿಪಾಕಿ ಇಲ್ಲೇ ಪಕ್ಕದಲ್ಲಿದೆ ಎಂದು ರೈಲಿನಲ್ಲಿ ಹೇಳಿದಾಗ ಅವ್ವ ಕೈಮುಗಿದಿದ್ದಳು.

“ಅಂದ್ರ ಇಲ್ಲಿ ಆಗ ನಾವೇ ಬಾಸ್?” ಎಂದು ಮಗ ಕೇಳಿದ. ಹೌದು ಎಂದೆ. ಹೇಳುವಾಗ ಎದೆ ಸ್ವಲ್ಪ ಉಬ್ಬಿತ್ತು.

ತುದಿ ಮುಟ್ಟಿದಾಗ ಗಾಳಿ ಜೋರಾಗಿತ್ತು. ಮೇಲೆ ಕಮಾನುಗಳ ಒಂದು ಪಾಳು ಅರಮನೆ. ಕೆಳಗೆ ಊರು, ಹೊಲ, ಕೆರೆ, ದೂರದಲ್ಲಿ ನಾವು ಬಂದ ಹಳಿ. ಮಗಳು ಆ ಕಮಾನುಗಳನ್ನು ನೋಡಿ, “ಇದು ಗೋಲ್ಕೊಂಡಾ ಥರಾನೇ ಅದಲ್ಲ ಪಪ್ಪಾ?” ಎಂದಳು. ನನ್ನ ವಾದಕ್ಕೆ ಬಿದ್ದ ಮೊದಲ ಪೆಟ್ಟು ಅದು. ಅವಳು ಸರಿಯಾಗಿಯೇ ಗುರುತಿಸಿದ್ದಳು. ಆ ಕಮಾನಿನ ಶೈಲಿ ಸುಲ್ತಾನರ ಕಾಲದ್ದು. ವಿಕ್ರಮಾದಿತ್ಯನ ಕೋಟೆಯನ್ನು ತೋರಿಸುತ್ತೇನೆಂದು ಕರೆತಂದು, ಇಗೋ ಇದು ಅವನದು ಎಂದು ಬೆರಳಿಟ್ಟು ತೋರಿಸಲು ನನಗೆ ಒಂದು ಗೋಡೆಯೂ ಸಿಗಲಿಲ್ಲ. ಚಾಲುಕ್ಯರ ಮೇಲೆ ಕಾಕತೀಯರು, ಅವರ ಮೇಲೆ ಬಹಮನಿಗಳು, ಕುತುಬ್ ಶಾಹಿಗಳು, ಮೊಘಲರು, ನಿಜಾಮರು. ಪ್ರತಿಯೊಬ್ಬರೂ ಕೆಡವಿದ್ದಾರೆ, ದುರಸ್ತಿ ಮಾಡಿದ್ದಾರೆ, ಸೇರಿಸಿದ್ದಾರೆ. ಹತ್ತು ವರ್ಷ ಹತ್ತು ತಂಡಗಳು ಕೈಯಾಡಿಸಿದ ಹಳೆಯ ಸಾಫ್ಟ್‌ವೇರಿನಲ್ಲಿ ಮೊದಲ ಪ್ರೋಗ್ರಾಮರ್ ಬರೆದ ಸಾಲು ಹುಡುಕಿದ ಹಾಗೆ.

ಇಲ್ಲಿನ ಜನ ಈ ಕೋಟೆಯ ಬಗ್ಗೆ ಹೇಳುವ ಕತೆಯಲ್ಲೂ ವಿಕ್ರಮಾದಿತ್ಯ ಮುಖ್ಯನಲ್ಲ. ಮುಖ್ಯನಾದವನು ಸರ್ವಾಯಿ ಪಾಪನ್ನ. ಸೇಂದಿ ಇಳಿಸುವ ಗೌಡ ಜಾತಿಯವನು. ಔರಂಗಜೇಬ್ ಸತ್ತ ಮೇಲಿನ ಗೊಂದಲದಲ್ಲಿ ದಂಡು ಕಟ್ಟಿಕೊಂಡು, 1708ರಲ್ಲಿ ವರಂಗಲ್ ಪಟ್ಟಣವನ್ನು ದೋಚಿದ, ಭುವನಗಿರಿಯ ಮೇಲೂ ಬಿದ್ದ. 1710ರಲ್ಲಿ ಮೊಘಲರು ಅವನನ್ನು ಹಿಡಿದು ಕೊಂದರು. ಪರ್ಷಿಯನ್ ಬರಹಗಾರನಿಗೆ ಅವನು ಕಳ್ಳ, ತೆಲುಗು ಲಾವಣಿಗಾರರಿಗೆ ವೀರ. ದೊರೆಯ ಹೆಸರು ಬೆಟ್ಟಕ್ಕೆ ಉಳಿಯಿತು, ಹಾಡು ಮಾತ್ರ ಪಾಪನ್ನನ ಮೇಲೆ ಹುಟ್ಟಿತು.

ಮಗಳು ಒಂದು ಕಲ್ಲಿನ ಮೇಲೆ ಕೂತು, ನೀರು ಕುಡಿದು, ಬಹಳ ಸಹಜವಾಗಿ ಕೇಳಿದಳು: “ಆಗ ಇಲ್ಲಿದ್ದ ಕನ್ನಡದವರು ಎಲ್ಲಿ ಹೋದ್ರು ಪಪ್ಪಾ?”

ಈ ಪ್ರಶ್ನೆಗೆ ನಾನು ತಯಾರಾಗಿ ಬಂದಿರಲಿಲ್ಲ. ಉತ್ತರ ಗೊತ್ತಿತ್ತು, ಆದರೆ ಹೇಳುವ ಮನಸ್ಸಿರಲಿಲ್ಲ. ಅಲ್ಲೇ ಕೂತು ಹೇಳಿದೆ. ನಿಮಗೂ ಹೇಳುತ್ತೇನೆ.

ಓರುಗಲ್ಲಿನ ಕಾಕತೀಯರು ಮೊದಲು ಕಲ್ಯಾಣದ ಚಾಲುಕ್ಯರ ಸಾಮಂತರು. ಸಾಮಂತರಾಗಿದ್ದಾಗ ಅವರ ಶಾಸನಗಳಲ್ಲಿ ಕನ್ನಡ ಇದೆ. ಅವರ ಜನ ಮನೆಯಲ್ಲಿ ಕನ್ನಡ ಆಡುತ್ತಿದ್ದರೆಂದಲ್ಲ. ಮೇಲಿನವರ ಭಾಷೆ ಕನ್ನಡವಾಗಿತ್ತು, ಅದಕ್ಕೆ. ಇವತ್ತು ನಮ್ಮ ಆಫೀಸಿನಲ್ಲಿ ಕರೀಂನಗರದವನು ಖಮ್ಮಂನವನಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯುತ್ತಾನಲ್ಲ, ಹಾಗೆ. ವಿಕ್ರಮಾದಿತ್ಯ ತೀರಿಕೊಂಡ ಮೇಲೆ ಕಲ್ಯಾಣದ ಹಿಡಿತ ಸಡಿಲಾಯಿತು. ಕಾಕತೀಯ ಎರಡನೆಯ ಪ್ರೋಲ ಚಾಲುಕ್ಯ ದೊರೆ ತೈಲಪನನ್ನೇ ಯುದ್ಧದಲ್ಲಿ ಸೆರೆ ಹಿಡಿದ, ಆಮೇಲೆ ಭಕ್ತಿಯಿಂದಲೂ ಪ್ರೀತಿಯಿಂದಲೂ ಬಿಟ್ಟುಬಿಟ್ಟ ಎಂದು ಅವನ ಮಗ ರುದ್ರದೇವನ ಹನುಮಕೊಂಡದ ಶಾಸನ ಹೇಳುತ್ತದೆ. ಹಳೆಯ ಒಡೆಯನ ಮೇಲಿನ ಗೌರವ ಇನ್ನೂ ಪೂರ್ತಿ ಹೋಗಿರಲಿಲ್ಲವೇನೋ. ಸಾವಿರ ಕಂಬದ ಗುಡಿಯಲ್ಲಿರುವ ಆ ಶಾಸನದ ಕಾಲ 1163. ಅದು ಕಾಕತೀಯರು ಸ್ವತಂತ್ರರಾದುದರ ಘೋಷಣೆ ಎಂದೇ ಇತಿಹಾಸಕಾರರು ಓದುತ್ತಾರೆ. ಅತ್ತ ಕಲ್ಯಾಣದಲ್ಲಿ ಅದೇ ವರ್ಷಗಳಲ್ಲಿ ಬಿಜ್ಜಳ ಸಿಂಹಾಸನದ ಮೇಲಿದ್ದ, ಬಸವಣ್ಣನವರು ಅವನ ಭಂಡಾರಿಯಾಗಿದ್ದರು. ಒಂದು ಕಡೆ ಕನ್ನಡ ಅರಮನೆಯಿಂದ ಕಾಯಕದವರ ಬಾಯಿಗೆ ಇಳಿದು ವಚನವಾಗುತ್ತಿದ್ದ ಹೊತ್ತಿಗೇ, ಇನ್ನೊಂದು ಕಡೆ ಅದು ಅಧಿಕಾರದ ಜೊತೆ ಹೊರಟು ಹೋಗುತ್ತಿತ್ತು. ಸ್ವತಂತ್ರರಾದ ಕಾಕತೀಯರು ಕನ್ನಡವನ್ನು ಬಿಟ್ಟರು. ಅವರ ನಾಡಿನ ಶಾಸನಗಳು ಹೆಚ್ಚಾಗಿ ತೆಲುಗಿನವಾದವು. ಊರಲ್ಲಿ ಜನ ಆಡುತ್ತಿದ್ದ ಮಾತೇ ಕಲ್ಲಿನ ಮೇಲೂ ಬಂತು.

“ಕನ್ನಡದವರು ಎಲ್ಲೂ ಹೋಗಿರಲಿಕ್ಕಿಲ್ಲ” ಎಂದೆ. “ಕರಣಿಕರು, ದಂಡಿನವರು, ಪೂಜಾರಿಗಳು, ವ್ಯಾಪಾರದವರು ಬಂದಿದ್ದರಲ್ಲ, ಅವರಲ್ಲಿ ಕೆಲವರು ವಾಪಸ್ ಹೋಗಿರಬೇಕು. ಉಳಿದವರ ಮಕ್ಕಳು ತೆಲುಗಿನವರಾದರು.”

ಅವಳು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಮೂರು ದಿನ ಸಹಿ ಹಾಕದೆ ಇಟ್ಟಿದ್ದ ಫಾರ್ಮ್ ಇಬ್ಬರಿಗೂ ನೆನಪಾಗಿತ್ತು ಎಂದು ಕಾಣುತ್ತದೆ. ಮಗ ಮಾತ್ರ, “ಅವರಿಗೆ ಯಾರೂ ಬೈಲಿಲ್ಲಾ?” ಎಂದು ಕೇಳಿದ.

ಇಳಿಯುವಾಗ ಬಿಸಿಲು ಏರಿತ್ತು. ಬಂಡೆ ಕಾಯತೊಡಗಿತ್ತು. (ನೀವು ಹೋಗುವುದಾದರೆ ಬೆಳಿಗ್ಗೆ ಬೇಗ ಹತ್ತಿ, ನೀರು ಹೆಚ್ಚು ಇಟ್ಟುಕೊಳ್ಳಿ.) ಇಳಿಯುತ್ತಾ ನಾನು ಇನ್ನೊಂದು ಕಲ್ಲಿನ ಕತೆ ಹೇಳಿದೆ. ಅದನ್ನು ಮೊದಲೇ ಹೇಳಬೇಕಿತ್ತು.

ನಮ್ಮ ಆದಿಕವಿ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದದ್ದು ಇವತ್ತಿನ ಕರ್ನಾಟಕದಲ್ಲಿ ಅಲ್ಲ. ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ, ಹತ್ತನೇ ಶತಮಾನದಲ್ಲಿ. ಆ ಊರು ಈಗ ತೆಲಂಗಾಣದ ರಾಜನ್ನ ಸಿರಿಸಿಲ್ಲ ಜಿಲ್ಲೆಯಲ್ಲಿದೆ. ಪಂಪನ ತಮ್ಮ ಜಿನವಲ್ಲಭ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿ, ಬೊಮ್ಮಲಗುಟ್ಟ ಎಂಬ ಬೆಟ್ಟದಲ್ಲಿ ಜಿನಬಿಂಬಗಳನ್ನು ಕೆತ್ತಿಸಿ ಒಂದು ಶಾಸನ ಹಾಕಿಸಿದ. ಅದರಲ್ಲಿ ಸಂಸ್ಕೃತ ಇದೆ, ಅಣ್ಣನನ್ನು ಹೊಗಳುವ ಕನ್ನಡ ಇದೆ, ತೆಲುಗಿನ ಕಂದಪದ್ಯಗಳೂ ಇವೆ. ತೆಲುಗಿನಲ್ಲಿ ಸಿಕ್ಕಿರುವ ಅತಿ ಹಳೆಯ ಕಂದಪದ್ಯಗಳಲ್ಲಿ ಅವು ಸೇರಿವೆ. ತೆಲುಗು ಸಾಹಿತ್ಯದ ಪ್ರಾಚೀನತೆಯ ಮಾತು ಬಂದಾಗಲೆಲ್ಲ ವಿದ್ವಾಂಸರು ಆ ಬೆಟ್ಟವನ್ನು ನೆನೆಯುತ್ತಾರೆ. ಕನ್ನಡದ ಆದಿಕವಿಯ ಮನೆಯವನು ಹಾಕಿಸಿದ ಕಲ್ಲು ತೆಲುಗಿನವರಿಗೆ ಹೆಮ್ಮೆಯ ಕಲ್ಲು. ಅಲ್ಲಿ ಒಂದು ಭಾಷೆ ಬರಲು ಇನ್ನೊಂದು ಭಾಷೆ ಹೋಗಬೇಕಾಗಿರಲಿಲ್ಲ.

“ಆ ತಮ್ಮ ಎರಡೂ ಬರೆಸಿದ್ನಾ?” ಎಂದಳು ಮಗಳು. “ಮೂರು” ಎಂದೆ.

ಬಾಗಿಲ ಹತ್ತಿರ ಬಂದರೆ ಅವ್ವ ಸೌತೆಕಾಯಿ ಮಾರುವವಳ ಪಕ್ಕದಲ್ಲೇ ಕೂತಿದ್ದಳು. ಬುತ್ತಿ ಬಿಚ್ಚಿತ್ತು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಮೊಸರು. ಆ ಹೆಂಗಸಿನ ಕೈಯಲ್ಲೂ ಒಂದು ರೊಟ್ಟಿ. ಅವ್ವನಿಗೆ ಬರುವುದು ನಮ್ಮ ಕಡೆಯ ಕನ್ನಡ, ಸ್ವಲ್ಪ ಉರ್ದು, ಅಷ್ಟಿಷ್ಟು ತೆಲುಗು. ಅವಳಿಗೆ ತೆಲುಗು, ಸ್ವಲ್ಪ ಉರ್ದು. ಅಷ್ಟರಲ್ಲೇ ಇಬ್ಬರ ಮೊಣಕಾಲು ನೋವು, ಮಕ್ಕಳ ಕೆಲಸ, ಜೋಳದ ರೇಟು ಎಲ್ಲ ಮುಗಿದಿತ್ತು. ನಮ್ಮನ್ನು ಕಂಡು ಅವ್ವ ಹೇಳಿದಳು: “ನೋಡೋ, ಪುಂಡಿಪಲ್ಯಕ್ಕ ಈಕಿ ಗೋಂಗೂರ ಅಂತಾಳ. ಪಲ್ಯ ಮಾತ್ರ ಅದೇ ಅದ.”

ಊಟದ ನಡುವೆ ಮಗಳು ಅವ್ವನನ್ನು ಕೇಳಿದಳು, “ಆಯಿ, ನಿನ್ನ ಮಾತೃಭಾಷೆ ಯಾವುದು?”

“ಹಂಗಂದ್ರ?”

“ನಿಮ್ಮ ಅವ್ವ ಮಾತಾಡೋದು.”

“ನಮ್ಮವ್ವ ಉದಗೀರದಾಕಿ. ಮರಾಠಿ. ಲಗ್ನ ಆಗಿ ಬಂದ ಮ್ಯಾಲ ಕನ್ನಡ ಕಲ್ತಳು. ನಂಗ ಜೋಗುಳ ಹಾಡಿದ್ದು ಮರಾಠ್ಯಾಗೇ.”

ಅಜ್ಜಿ ಉದಗೀರದವಳು ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ಆದರೆ ನನ್ನ ಅವ್ವನಿಗೆ ಜೋಗುಳದ ಭಾಷೆ ಮರಾಠಿ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ನಾನು ಕಾಯಲು ಹೊರಟ ಕನ್ನಡ ನಮ್ಮ ಮನೆಗೆ ಬಂದದ್ದೇ ಒಬ್ಬ ಸೊಸೆ ಕಲಿತದ್ದರಿಂದ. ಅವಳ ಮೇಲೆ ಯಾರಾದರೂ ದನಿ ಏರಿಸಿದ್ದರೇ, ಗೊತ್ತಿಲ್ಲ. ಅವ್ವನ ಮಾತು ಕೇಳಿದರೆ ಹಾಗನ್ನಿಸುವುದಿಲ್ಲ. ನಾಲ್ಕು ಮಾತು ಆಡುವ ಜನರ ನಡುವೆ ಅಡುಗೆ, ಹೊಲ, ಮಕ್ಕಳು ಎಂದು ಬದುಕುತ್ತಾ ಕಲಿತಿರಬೇಕು.

ಸಂಜೆಯ ರೈಲಿನಲ್ಲಿ ಕೂತು ನನಗೆ ಅನಿಸಿದ್ದು ಇಷ್ಟು. ನಾನು ಮಗಳಿಗೆ ತೋರಿಸಲು ಹೊರಟದ್ದು ಆಳಿದ ಕನ್ನಡವನ್ನು. ಅದು ನಿಜವಾಗಿಯೂ ಇಲ್ಲಿತ್ತು, ಆಣೆ ಹಾಕಿ ಹೇಳಬಹುದು. ಆದರೆ ಆಜ್ಞೆಯಿಂದ ಬಂದದ್ದು ಆಜ್ಞೆ ಬದಲಾದ ಕೂಡಲೇ ಹೋಯಿತು. ಐವತ್ತು ವರ್ಷ ಆಳಿದವನ ಕೈಲೂ ಉಳಿಸಲಾಗಲಿಲ್ಲ. ಭಾನುವಾರದ ಎರಡು ಪುಟ ಕಾಪಿಯೂ ಒಂದು ಆಜ್ಞೆಯೇ. ಅದರ ಅವಧಿ ನನ್ನ ಮನೆಯಿಂದ ಅವಳು ಹಾಸ್ಟೆಲಿಗೆ ಹೋಗುವ ತನಕ. ಉಳಿಯುವುದಿದ್ದರೆ ಅದು ಅವ್ವನ ಪಕ್ಕ ಕೂತು ನಗುವ ಮಾತಿನಲ್ಲಿ ಉಳಿದೀತು. ತೆಲುಗನ್ನು ಬೈದು ಕನ್ನಡವನ್ನು ಉಳಿಸಲು ಹೊರಟ ನನ್ನ ದಾರಿಯಂತೂ ತಪ್ಪು. ಅವೆರಡೂ ಒಂದೇ ಲಿಪಿ ಹಂಚಿಕೊಂಡು ಬೆಳೆದವು ಎಂದು ಇಡೀ ದಿನ ನಾನೇ ಹೇಳಿಕೊಂಡು ತಿರುಗಿದ್ದೆ.

ಎದುರು ಸೀಟಿನಲ್ಲಿ ಅಜ್ಜಿ ಮೊಮ್ಮಗಳ ಆಟ ನಡೆದಿತ್ತು. ನಿಲ್ದಾಣ ಬಂದಾಗ ಅವ್ವ ತೆಲುಗು ಬೋರ್ಡು ಓದಬೇಕು. ತಪ್ಪಿದರೆ ಮಗಳು ತಿದ್ದುತ್ತಾಳೆ. ಬದಲಿಗೆ ಮಗಳು ಅದೇ ಹೆಸರನ್ನು ಅವ್ವನ ಅಂಗೈ ಮೇಲೆ ಬೆರಳಿನಿಂದ ಕನ್ನಡದಲ್ಲಿ ಬರೆಯಬೇಕು. ಘಟ್‌ಕೇಸರಿನ ‘ಘ’ ಇಬ್ಬರಿಗೂ ಬರಲಿಲ್ಲ. ಮಗ ತೀರ್ಪುಗಾರ. ಅವನಿಗೆ ಎರಡೂ ಬರುವುದಿಲ್ಲವಾದ್ದರಿಂದ ತೀರ್ಪು ನಿಷ್ಪಕ್ಷಪಾತವಾಗಿತ್ತು.

ಆ ರಾತ್ರಿ ಫಾರ್ಮನ್ನು ಅವಳಿಗೆ ವಾಪಸ್ ಕೊಟ್ಟೆ. ಸಹಿ ಹಾಕಿದ್ದೇನೆ, ಆ ಕಾಲಂನಲ್ಲಿ ನಿನಗೆ ಸರಿ ಕಂಡದ್ದು ಇರಲಿ, ನಾನು ಅವತ್ತು ಕೂಗಿದ್ದು ತಪ್ಪು ಎಂದೆ. ಬೆಳಿಗ್ಗೆ ನೋಡಿದರೆ ‘ತೆಲುಗು’ ಮೇಲೆ ನೀಟಾಗಿ ಒಂದು ಗೆರೆ ಎಳೆದು ‘ಕನ್ನಡ’ ಎಂದು ಬರೆದಿದ್ದಳು. ನನ್ನ ಮುಖ ಅರಳಿದ್ದನ್ನು ನೋಡಿ, ಬ್ಯಾಗ್ ಏರಿಸುತ್ತಾ ಹೇಳಿದಳು:

“ಭಾಳ ಖುಷಿ ಆಗಬ್ಯಾಡ ಪಪ್ಪಾ. ಒಂದೇ ಬರಿಲಾಕ ಜಾಗ ಅದ, ಅದಕ್ಕ.”